ಚಿನ್ನದ ಹೆಲ್ಮೆಟ್ಟಿಗೆ ಒಂದು ಪಾಯಿಂಟು

ನಮ್ಮೂರ ಐಸ್ ಹಾಕಿ ರಿಂಕಿನಲ್ಲಿ ಗೋಲು ಬಿದ್ದರೆ ಊರಿಗೆ ಊರೇ ಎದ್ದು ನಿಂತು ಅರಚುತ್ತದೆ. ಎದ್ದೇಳದೆ, ಬಾಯಿ ಬಿಡದೆ ಕೂತಿರುತ್ತಿದ್ದವಳು ಸಿರ್ಕ ಒಬ್ಬಳೇ. ಗಾಜಿನ ಗೋಡೆಗೆ ಒತ್ತಿ ಹಾಕಿದ ಉದ್ದನೆಯ ಮೇಜಿನ ನಡುವೆ ಅವಳ ಕುರ್ಚಿ. ಪಕ್ಕು ಅನ್ನುವ ರಬ್ಬರಿನ ಬಿಲ್ಲೆಯನ್ನು ಗೋಲಿಗೆ ಹೊಡೆದವನು ಯಾರು, ಅದಕ್ಕೆ ಪಾಸು ಕೊಟ್ಟವರು ಯಾರು ಅಂತ ತೀರ್ಮಾನಿಸಿ ಮೈಕಿನವನಿಗೆ ಹೇಳುವುದು ಅವಳ ಕೆಲಸ. ಕೆಲಸ ಅನ್ನಬೇಕಷ್ಟೆ, ಸಂಬಳವಿಲ್ಲ. ಪಂದ್ಯಕ್ಕೆ ಎರಡು ಲೋಟ ಕಾಫಿ, ಒಂದು ಸುಟ್ಟ ಮಾಕ್ಕರ ಸಾಸೇಜು, ಯಾವಾಗಲಾದರೂ ಒಮ್ಮೆ ಕ್ಲಬ್ಬಿನ ಹೊಸ ಜಾಕೆಟ್ಟು. ಇಷ್ಟಕ್ಕೇ ಮೂವತ್ತು ಚಳಿಗಾಲ ತನ್ನ ಮೊಣಕಾಲುಗಳನ್ನು ಆ ಥಂಡಿಗೆ ಒಪ್ಪಿಸಿಬಿಟ್ಟಳು, ಹುಚ್ಚಿ.

ನಮ್ಮ ಈ ಉತ್ತರದ ಊರು ಕಲ್ಲಿಯೊಕೊಸ್ಕಿಯಲ್ಲಿ ಬೇರೆ ಇನ್ನೇನಿದೆ ಹೇಳಿ? ಕಾಗದದ ಕಾರ್ಖಾನೆ ಅರ್ಧ ಮುಚ್ಚಿದೆ. ಹೊಳೆ ಇದೆ, ಚರ್ಚು ಇದೆ, ಸೌಕೊತ್ ಇದೆ. ಸೌಕೊತ್ ಅಂದರೆ ನೀರುನಾಯಿಗಳು, ನಮ್ಮ ತಂಡ. ದೇಶದ ಮೇಲಿನ ದರ್ಜೆಯಲ್ಲಿ ಸಂಬಳಕ್ಕೆ ಆಡುವ ತಂಡ. ಚಳಿಗಾಲದಲ್ಲಿ ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯಲ್ಲಿ ಜನರ ಮುಖ ನೋಡಿದರೆ ಸಾಕು, ಹಿಂದಿನ ದಿನ ಗೆದ್ದರೋ ಸೋತರೋ ಗೊತ್ತಾಗುತ್ತಿತ್ತು. ಆ ವರ್ಷ ಮುಖ ನೋಡುವ ಕಷ್ಟವೂ ಇರಲಿಲ್ಲ. ಅಕ್ಟೋಬರಿನಲ್ಲಿ ಸೋತರು, ನವೆಂಬರಿನಲ್ಲಿ ಸೋತರು, ಕ್ರಿಸ್ಮಸ್ಸಿನ ಹಿಂದಿನ ಪಂದ್ಯದಲ್ಲಂತೂ ಕೇಳಬೇಡಿ, ಜನ ಟೋಪಿ ಎಳೆದುಕೊಂಡು ಅರ್ಧಕ್ಕೇ ಎದ್ದು ಹೋದರು.

ತಂಡ ಎಷ್ಟೇ ಹಾಳಾಗಲಿ, ಸಿರ್ಕಳ ಮಾತಿಗೆ ಮಾತ್ರ ಎದುರು ಮಾತಿರಲಿಲ್ಲ. ಹೊರಗಿನ ತಂಡದ ಕೋಚುಗಳು ಕೂಡ "ಸಿರ್ಕ ಹೇಳಿದ್ಳಾ? ಹಂಗಾದ್ರೆ ಮುಗೀತು ಬಿಡಿ" ಅನ್ನುತ್ತಿದ್ದರು. ಅವಳು ತನ್ನವರು ಅಂತ ನೋಡಿದವಳಲ್ಲ. ಸ್ವಂತ ಅಕ್ಕನ ಮಗ ಇಲ್ಕ ಅದೇ ತಂಡದಲ್ಲಿ ಆಡುತ್ತಿದ್ದ. ಹೊಸದಾಗಿ ತಂಡ ಸೇರಿದ್ದಾಗ ಒಮ್ಮೆ ಗಾಜಿನ ಕಿಂಡಿಯ ಹತ್ತಿರ ಜಾರಿಕೊಂಡು ಬಂದು ಗೋಗರೆದಿದ್ದ.

"ಚಿಕ್ಕಮ್ಮ, ಪಕ್ಕು ನನ್ ಕೋಲಿಗೆ ತಾಗಿ ಹೋಯ್ತು. ಪಾಸಿನ ಪಾಯಿಂಟು ನಂದು."

"ತಾಗ್ಲಿಲ್ಲ. ನಾನ್ ನೋಡ್ತಾ ಇದ್ದೆ. ಹೋಗು, ಆಡ್ಹೋಗು."

"ಒಂದೇ ಒಂದು ಚಿಕ್ಕಮ್ಮ!"

"ಬೇಕಾದ್ರೆ ಮನೇಗ್ ಬಾ, ಪುಲ್ಲ ಕೊಡ್ತೀನಿ. ಪಾಯಿಂಟು ಕೊಡೋಕೆ ನಾನ್ಯಾರು?"

ಈ ಮಾತು ಊರೆಲ್ಲ ಸುತ್ತಿ, ಪುಲ್ಲ, ಅಂದರೆ ಏಲಕ್ಕಿ ಹಾಕಿದ ಬನ್ನು, ಕೊಂಡಾಗಲೆಲ್ಲ ಜನ ಇಲ್ಕನನ್ನು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ. ರೇಗುವ ಜಾತಿಯವನೇ ಅಲ್ಲ ಅವನು.

ಇಲ್ಕನ ಆಟ ಹೇಗೆ ಅಂದರೆ, ಅದನ್ನು ಯಾರೂ ನೋಡುತ್ತಿರಲಿಲ್ಲ. ತಂಡದಲ್ಲಿ ನಾಲ್ಕು ಸಾಲು, ಸರದಿಯ ಮೇಲೆ ಇಳಿಯುತ್ತವೆ. ಮೊದಲ ಸಾಲಿನವರು ಗೋಲು ಹೊಡೆಯುತ್ತಾರೆ, ಪೇಪರಿನಲ್ಲಿ ಬರುತ್ತಾರೆ. ಇಲ್ಕ ನಾಲ್ಕನೆಯ ಸಾಲಿನವನು. ಮೂಲೆಯಲ್ಲಿ ಗುದ್ದಾಡಿ ಪಕ್ಕು ಕಿತ್ತುಕೊಡುವುದು, ಎದುರಿನವರ ಹೊಡೆತಕ್ಕೆ ಮೈ ಒಡ್ಡುವುದು, ಆಮೇಲೆ ಬೆಂಚಿಗೆ ಬಂದು ಉಗುಳಿ ಕೂರುವುದು. ಹದಿನಾಲ್ಕು ವರ್ಷ ಇದನ್ನೇ ಮಾಡಿದ. ಮೂವತ್ತಾರಕ್ಕೆ ಅವನ ಮೂಗು ಎರಡು ಕಡೆಗೆ ತಿರುಗಿತ್ತು.

ಪ್ರತಿ ತಂಡದಲ್ಲೂ ಆ ವರ್ಷ ಅಲ್ಲಿಯವರೆಗೆ ಅತಿ ಹೆಚ್ಚು ಪಾಯಿಂಟು ಗಳಿಸಿದವನು ಚಿನ್ನದ ಬಣ್ಣದ ಹೆಲ್ಮೆಟ್ಟು ಹಾಕಿಕೊಂಡು ಆಡಬೇಕು. ಇದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಗೋಲಿಗೂ ಒಂದು ಪಾಯಿಂಟು, ಪಾಸಿಗೂ ಒಂದು. ಇನ್ನೊಬ್ಬ ಮುಂದೆ ಹೋದರೆ ಮುಂದಿನ ಪಂದ್ಯದಿಂದ ಹೆಲ್ಮೆಟ್ಟು ಅವನ ತಲೆಗೆ. ಊರಿನ ಯಾವ ಹುಡುಗನಿಗೆ ಅದರ ಕನಸು ಬಿದ್ದಿಲ್ಲ? ಏಳು ವರ್ಷದ ಇಲ್ಕ ಒಮ್ಮೆ ಅಂಚೆಪೆಟ್ಟಿಗೆಗೆ ಹಚ್ಚಿ ಉಳಿದಿದ್ದ ಬಂಗಾರದ ಬಣ್ಣವನ್ನು ತನ್ನ ಹಳೆಯ ಹೆಲ್ಮೆಟ್ಟಿಗೆ ಬಳಿದು, ಒಣಗುವ ತನಕ ತಡೆಯಲಾರದೆ ತಲೆಗೆ ಹಾಕಿಕೊಂಡು ಮಂಜುಗಡ್ಡೆಯಾದ ಕೆರೆಯ ಮೇಲೆ ಓಡಿದ್ದ. ಸಂಜೆ ಅದು ಕೂದಲಿಗೆ ಅಂಟಿ ಬರಲೇ ಇಲ್ಲ. ಅವನ ಅಮ್ಮ ಕೆರ್ತು ಬಾರಿಸುತ್ತಿದ್ದಳು, ಸಿರ್ಕ ಕತ್ತರಿ ಹಿಡಿದು ಕೂದಲು ಕತ್ತರಿಸುತ್ತಿದ್ದಳು, ಅವನು ಅಳುತ್ತಲೇ "ಹೆಲ್ಮೆಟ್ಟು ಕತ್ತರಿಸ್ಬೇಡ ಚಿಕ್ಕಮ್ಮ, ಹೆಲ್ಮೆಟ್ಟು ಕತ್ತರಿಸ್ಬೇಡ" ಅನ್ನುತ್ತಿದ್ದ. ಕೆರ್ತು ತೀರಿಕೊಂಡ ಮೇಲೆ ಆ ಮಾತು ನೆನಪಿದ್ದವಳು ಸಿರ್ಕ ಒಬ್ಬಳೇ. ಅವಳಿಗೆ ಮಕ್ಕಳಿಲ್ಲ. ಗಂಡ ಬಹಳ ಹಿಂದೆಯೇ ಬೇರೊಬ್ಬಳ ಮನೆ ಸೇರಿದ್ದ. ಇದ್ದವನು ಇಲ್ಕ ಒಬ್ಬ.

ಜನವರಿಯಲ್ಲಿ ಕ್ಲಬ್ಬಿನವರು ನಮ್ಮ ದೊಡ್ಡ ಆಟಗಾರನನ್ನು ಸ್ವಿಟ್ಜರ್ಲೆಂಡಿಗೆ ಮಾರಿಬಿಟ್ಟರು. ಹೆಲ್ಮೆಟ್ಟು ವಾರಸುದಾರರಿಲ್ಲದೆ ಉಳಿಯಿತು. ಮುಂದಿನವನು ನಿಕೊ, ಇಪ್ಪತ್ತೊಂದು ವರ್ಷದ ಚುರುಕು ಹುಡುಗ, ಹಾವಿನಂತೆ ಮೈ ಬಳುಕಿಸಿ ನುಸುಳುವವನು. ಅವನ ಹಿಂದೆಯೇ, ಒಂದೇ ಪಾಯಿಂಟು ಕಡಿಮೆ, ಯಾರು ಅಂತೀರಿ? ಇಲ್ಕ! ತಂಡದ ಗತಿ ಎಷ್ಟು ಕೆಟ್ಟಿತ್ತು ಅಂದರೆ ನಾಲ್ಕನೆಯ ಸಾಲಿನವನು ಎರಡನೆಯವನಾಗಿದ್ದ. ಸಮ ಬಂದರೆ ಗೋಲು ಹೆಚ್ಚಿದ್ದವನಿಗೆ ಹೆಲ್ಮೆಟ್ಟು, ಗೋಲು ಇಲ್ಕನಿಗೇ ಹೆಚ್ಚಿದ್ದವು. ಶನಿವಾರದ ಪಂದ್ಯ ಮುಗಿದಾಗ ಯಾರು ಮುಂದೆಯೋ ಅವರಿಗೆ ಅಂತ ಕೋಚು ಹೇಳಿದ್ದ.

"ಮುದುಕಪ್ಪಂಗೆ ಚಿನ್ನದ ಟೊಪ್ಪಿ ಬೇಕಂತೆ" ಅಂತ ಆ ಶನಿವಾರ ಕಾಫಿ ಸ್ಟಾಲಿನಲ್ಲಿ ಜನ ನಗುತ್ತಿದ್ದರು. ಸಿರ್ಕಳಿಗೆ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಇವರಿಗೋಸ್ಕರ ಮೂಳೆ ಮುರಿಸಿಕೊಂಡನಲ್ಲ, ಯಾರಾದರೂ ಒಂದು ದಿನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಾರಾ? ಮಾಕ್ಕರವನ್ನು ಅರ್ಧಕ್ಕೇ ಬುಟ್ಟಿಗೆ ಎಸೆದು ತನ್ನ ಕುರ್ಚಿಗೆ ಹೋದಳು.

ಎರಡನೆಯ ಅವಧಿಯಲ್ಲಿ ನಮ್ಮ ಹನ್ನೆರಡನೆಯ ನಂಬರಿನವನು ಗೋಲು ಹೊಡೆದ. ಎದುರಾಳಿಯ ಕೋಲಿಗೆ ಬಡಿದು ಪುಟಿದುಬಂದ ಪಕ್ಕನ್ನೇ ಅವನು ಒಳಗೆ ತಳ್ಳಿದ್ದು. ಅದಕ್ಕೂ ಮುಂಚೆ ಪಕ್ಕು ಇಲ್ಕನ ಕೋಲಿನ ಮುಂದೆ ಹಾದುಹೋಗಿತ್ತು. ಮುಂದೆ, ಅಷ್ಟೆ. ನಾಲ್ಕು ಬೆರಳಿನಷ್ಟು ದೂರ. ಸಿರ್ಕ ಕಣ್ಣಾರೆ ನೋಡಿದ್ದಳು.

ರೆಫ್ರಿ ಕಿಂಡಿಗೆ ಬಂದ. "ಹನ್ನೆರಡು ಹೊಡ್ದ. ಪಾಸು ಯಾರ್ದು ಅಂತ ನಾನ್ ನೋಡ್ಲಿಲ್ಲ ಸಿರ್ಕ, ಗುಂಪಲ್ಲಿ ಕಾಣ್ಸಿಲ್ಲ. ನೀನೇ ನೋಡ್ಕೊ."

ಮೂವತ್ತು ವರ್ಷದ ನಂಬಿಕೆ. ಅವನು ಬೆನ್ನು ತಿರುಗಿಸಿ ಹೊರಟೇಹೋದ. ಪಕ್ಕದಲ್ಲಿ ಪುಟ್ಟ ಪರದೆ ಇತ್ತು, ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ. ನೋಡುವುದಕ್ಕೇನಿತ್ತು, ಅವಳಿಗೆ ಗೊತ್ತಿತ್ತಲ್ಲ. ಈ ಪಾಯಿಂಟು ಕೊಟ್ಟರೆ ಯಾರ ಬಾಯಿಯ ತುತ್ತು ಹೋಗುತ್ತೆ? ಯಾರದ್ದೂ ಅಲ್ಲ. ಬೇರೆ ಯಾರೂ ಪಾಸು ಕೊಟ್ಟೇ ಇಲ್ಲವಲ್ಲ. ಕೂದಲಿಗೆ ಅಂಟಿದ ಬಂಗಾರದ ಬಣ್ಣ ನೆನಪಾಯಿತು, ಕತ್ತರಿಯ ಸದ್ದು ನೆನಪಾಯಿತು.

"ಗೋಲು ಹನ್ನೆರಡು. ಪಾಸು ಇಪ್ಪತ್ತೇಳು" ಅಂದಳು. ಇಪ್ಪತ್ತೇಳು ಇಲ್ಕ.

ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುವ ವೆಯ್ಕೊ ಕೂತಿದ್ದ. ಶಾಲೆಯ ಬಾಯ್ಲರು ಕಾಯುತ್ತಿದ್ದು ನಿವೃತ್ತನಾದವನು, ಇಪ್ಪತ್ತು ವರ್ಷದಿಂದ ಅವಳ ಎಡಮಗ್ಗುಲು. ಅವನು ನಿಧಾನಕ್ಕೆ ಅವಳ ಕಡೆ ತಿರುಗಿದ.

"ಸಿರ್ಕ, ಕನ್ನಡಕ ಒರೆಸ್ಕೊ ಬೇಕಾದ್ರೆ. ಬಟ್ಟೆ ಇದೆ ನನ್ ಹತ್ರ."

"ಕನ್ನಡಕ ಚೆನ್ನಾಗೇ ಇದೆ."

"ಹೌದಾ. ಸರಿ ಬಿಡು." ಅವನು ಮತ್ತೆ ಗಡಿಯಾರದ ಕಡೆ ತಿರುಗಿದ.

ಮೈಕಿನಲ್ಲಿ ತನ್ನ ಹೆಸರು ಕೇಳಿ ಇಲ್ಕ ಅಲ್ಲೇ ನಿಂತುಬಿಟ್ಟ. ಪಂದ್ಯ ಮುಗಿದ ಮೇಲೆ ಒದ್ದೆ ಕೂದಲಲ್ಲೇ ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದ.

"ತಾಗಿತ್ತಾ ಚಿಕ್ಕಮ್ಮ? ನಂಗೆ ಕೈಗೆ ಗೊತ್ತೇ ಆಗ್ಲಿಲ್ಲ ಕಣೆ."

"ವಯಸ್ಸಾಯ್ತು ನಿಂಗೆ, ಕೈ ಮರಗಟ್ಟಿದೆ. ತಾಗ್ತು. ನಾನ್ ನೋಡ್ದೆ."

ಅವನು ತನ್ನ ಕೈಗಿಂತ ಅವಳ ಕಣ್ಣನ್ನೇ ನಂಬಿದ. ಅಂಥ ಮುಖ ಅವಳು ಅವನಲ್ಲಿ ಯಾವತ್ತೂ ನೋಡಿರಲಿಲ್ಲ. ಅಷ್ಟು ದೊಡ್ಡ ಆಳು, ಎರಡು ಕಡೆ ತಿರುಗಿದ ಮೂಗು, ಕಣ್ಣಲ್ಲಿ ನೀರು.

ಆ ಶನಿವಾರ ನಿಕೊಗೆ ಪಾಯಿಂಟು ಬರಲಿಲ್ಲ, ಮುಂದಿನ ಪಂದ್ಯಕ್ಕೆ ಇಲ್ಕ ಚಿನ್ನದ ಹೆಲ್ಮೆಟ್ಟಲ್ಲಿ ಮಂಜಿಗೆ ಇಳಿದಾಗ ನಿಂತು ನೋಡುವವರ ಕಟ್ಟೆಯಿಂದ ಯಾರೋ "ಇಲ್ಕಾ!" ಅಂತ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಕಾಫಿ ಸ್ಟಾಲಿನಲ್ಲಿ ನಕ್ಕವರೂ ಕೂಗಿದರು, ನಾಚಿಕೆಗೆಟ್ಟವರು. ಸಿರ್ಕ ಮೇಜಿನ ಕೆಳಗೆ ಕೈ ಬಿಗಿಹಿಡಿದು ಕೂತಿದ್ದಳು. ಇಷ್ಟು ಸಂತೋಷ ತನಗೆ ಯಾವಾಗ ಆಗಿತ್ತು ಅಂತ ಅವಳಿಗೇ ಜ್ಞಾಪಕ ಬರಲಿಲ್ಲ.

"ಮಲಗೋವಾಗ ಮಾತ್ರ ತೆಗೀತಾನೆ ಅತ್ತೆ" ಅಂತ ಇಲ್ಕನ ಹೆಂಡತಿ ಮಾರ್ಯುತ್ ಫೋನಿನಲ್ಲಿ ನಗುತ್ತಿದ್ದಳು. "ಸೌನಾದ ಹಬೆ ಸ್ನಾನಕ್ಕೂ ಹಾಕ್ಕೊಂಡು ಹೋಗ್ತಾನೋ ಏನೋ ಅಂತ ಭಯ ನಂಗೆ."

ಆದರೆ ಚಿನ್ನದ ಹೆಲ್ಮೆಟ್ಟು ಬೇಕಿರುವುದು ಹಾಕಿಕೊಂಡವನಿಗೆ ಮಾತ್ರವಲ್ಲ. ಎದುರಿನ ತಂಡದವರಿಗೂ ಅದು ದೂರದಿಂದಲೇ ಕಾಣುತ್ತದೆ. ಅದನ್ನು ಹಾಕಿದವನನ್ನು ಕಟ್ಟಿಹಾಕು ಅಂತ ಎಲ್ಲ ಕೋಚುಗಳೂ ಹೇಳಿ ಕಳಿಸುತ್ತಾರೆ. ನಿಕೊನಂಥವರಿಗೆ ತಪ್ಪಿಸಿಕೊಳ್ಳುವುದು ಹುಟ್ಟಿನಿಂದ ಬಂದ ವಿದ್ಯೆ. ಇಲ್ಕನಿಗೆ ಅದು ಗೊತ್ತಿರಲಿಲ್ಲ, ಅವನನ್ನು ಇಷ್ಟು ವರ್ಷ ಯಾರೂ ಹುಡುಕಿಕೊಂಡು ಬಂದೇ ಇರಲಿಲ್ಲ. ಇನ್ನೊಂದು, ಅವನು ತನ್ನ ಆಟವನ್ನೇ ಬದಲಾಯಿಸಿದ. ಮೂಲೆ ಬಿಟ್ಟ. ಪಕ್ಕು ಸಿಕ್ಕರೆ ನಡುಮಧ್ಯದಲ್ಲಿ ತಾನೇ ಹೊತ್ತುಕೊಂಡು ನುಗ್ಗತೊಡಗಿದ. ಚಿನ್ನ ಹಾಕಿಕೊಂಡ ಮೇಲೆ ಹಾಗೆ ಆಡಬೇಡವೇ? ಸಿರ್ಕ ಗಾಜಿನ ಹಿಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮೂಲೆಗೆ ಹೋಗೋ, ನಿನ್ನ ಜಾಗಕ್ಕೆ ಹೋಗೋ, ಅಂತ ಮನಸ್ಸಿನಲ್ಲೇ ಬಡಿದುಕೊಂಡಳು. ಒಂದು ದಿನ ಬಾಯಿಬಿಟ್ಟೂ ಹೇಳಿದಳು.

"ಹಳೇ ಥರಾನೇ ಆಡೋ ಮಗು."

"ಹಳೇ ಥರ ಆಡೋನಿಗೆ ಇದು ಸಿಗ್ತಿತ್ತಾ ಚಿಕ್ಕಮ್ಮ?" ಅಂತ ಅವನು ಹೆಲ್ಮೆಟ್ಟು ತಟ್ಟಿ ತೋರಿಸಿದ. ಅದಕ್ಕೆ ಅವಳ ಹತ್ತಿರ ಇದ್ದ ಉತ್ತರ ಹೇಳುವಂಥದ್ದಲ್ಲ.

ಫೆಬ್ರುವರಿ ಕೊನೆಯ ವಾರ. ಇಲ್ಕ ತಲೆ ಬಗ್ಗಿಸಿ, ಕಾಲ ಬುಡದಲ್ಲಿದ್ದ ಪಕ್ಕನ್ನು ನೋಡುತ್ತ ನಡುಗೆರೆ ದಾಟಿದ. ಎದುರಿನಿಂದ ಬಂದವನು ಭುಜದಿಂದ ಗುದ್ದಿದ. ಬೇಕೆಂದು ಮಾಡಿದ ಮೋಸವಲ್ಲ, ರೆಫ್ರಿ ಸೀಟಿ ಊದಲಿಲ್ಲ, ಊದಬೇಕಾಗಿಯೂ ಇರಲಿಲ್ಲ. ಮೊದಲ ವರ್ಷದ ಹುಡುಗರಿಗೆ ಕಲಿಸುವ ಮೊದಲ ಪಾಠ, ನಡುಮಧ್ಯದಲ್ಲಿ ತಲೆ ಬಗ್ಗಿಸಬೇಡ ಅಂತ. ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿ ತಲೆ ಬರಿದಾಗಿ ಮಂಜುಗಡ್ಡೆಗೆ ಬಡಿಯಿತು. ಆ ಸದ್ದು ಮೇಲಿನ ಸಾಲಿನವರೆಗೂ ಕೇಳಿಸಿತು. ಹೆಲ್ಮೆಟ್ಟು ತಿರುಗುತ್ತಾ ತಿರುಗುತ್ತಾ ಜಾರಿಕೊಂಡು ಬಂದು ಸಿರ್ಕಳ ಮುಂದಿನ ಹಲಗೆಗೆ ತಾಗಿ ನಿಂತಿತು.

ವೆಯ್ಕೊ ಗಡಿಯಾರ ನಿಲ್ಲಿಸಿದ. ಊರಿಗೆ ಊರೇ ಎದ್ದು ನಿಂತಿತ್ತು, ಆದರೆ ಒಬ್ಬರೂ ಅರಚಲಿಲ್ಲ. ಸಿರ್ಕ ಒಬ್ಬಳೇ ಕೂತಿದ್ದಳು.

ತಲೆಯೊಳಗೆ ರಕ್ತ ಸೋರಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಬುರುಡೆ ತೆರೆದರು, ಮುಚ್ಚಿದರು. ಬದುಕಿದ. ಈ ನಡುವೆ ಸೌಕೊತ್ ಉಳಿದ ಪಂದ್ಯಗಳನ್ನೂ ಸೋತು ಕೆಳಗಿನ ದರ್ಜೆಗೆ ಬಿತ್ತು. ಬೇರೆ ವರ್ಷವಾಗಿದ್ದರೆ ಊರು ಗೋಳಾಡುತ್ತಿತ್ತು. ಈಗ ಬ್ರೆಡ್ಡಿನ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು, ಇಲ್ಕ ಹೇಗಿದ್ದಾನಂತೆ? ಸಿರ್ಕ ಮೊಣಕಾಲಿನ ನೆಪ ಹೇಳಿ ಮೇಜು ಬಿಟ್ಟಳು. ಕ್ಲಬ್ಬಿನವರು ಹೂಗುಚ್ಛ ಕೊಟ್ಟು, ಇಂಥ ನಿಯತ್ತಿನವರು ಇನ್ನು ಸಿಗಲ್ಲ ಅಂದರು. ಅವಳು ಹೂವನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಮನೆಗೆ ಹೋದಳು.

ಜಾಕೆಟ್ಟು ವಾಪಸು ತಗೊಂಡು ಹೋಗಲು ಬಂದ ವೆಯ್ಕೊ ಬಾಗಿಲಲ್ಲೇ ನಿಂತು ಕೆಮ್ಮಿದ.

"ನಾನು ಗಡಿಯಾರ ನೋಡೋನು ಸಿರ್ಕ. ಪಕ್ಕು ನೋಡೋದು ನನ್ ಕೆಲ್ಸ ಅಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಅಷ್ಟೇ ಹೇಳೋಣ ಅಂತ ಬಂದೆ."

ಇಲ್ಕ ಮನೆಗೆ ಬಂದ. ಬೆಳಕು ಆಗುತ್ತಿರಲಿಲ್ಲ, ತಟ್ಟೆ ಚಮಚದ ಸದ್ದು ಆಗುತ್ತಿರಲಿಲ್ಲ, ಟಿವಿ ಕಂಡರೆ ವಾಂತಿ. ಜೂನ್ ತಿಂಗಳು, ನಮ್ಮಲ್ಲಿ ಸೂರ್ಯ ಮುಳುಗುವುದೇ ಇಲ್ಲ ಅನ್ನುವ ಕಾಲ, ಅವನು ದಪ್ಪ ಪರದೆ ಎಳೆದ ಕೋಣೆಯಲ್ಲಿ ಕೂತಿರುತ್ತಿದ್ದ. ಆ ಚಳಿಗಾಲ ಪೂರ್ತಿ ಅವನ ತಲೆಯಿಂದ ಅಳಿಸಿಹೋಗಿತ್ತು. ಅಕ್ಟೋಬರಿಲ್ಲ, ಜನವರಿಯಿಲ್ಲ. ಹೆಲ್ಮೆಟ್ಟು ಮಾತ್ರ ಕಪಾಟಿನ ಮೇಲಿತ್ತು. ಅವನು ಬಿದ್ದ ಮೇಲೆ ಅದನ್ನು ಹಾಕಿಕೊಳ್ಳಲು ತಂಡದಲ್ಲಿ ಯಾರೂ ಒಪ್ಪದೆ, ಕ್ಲಬ್ಬಿನವರು ಅವನಿಗೇ ಕೊಟ್ಟುಬಿಟ್ಟಿದ್ದರು.

ಗುರುವಾರ ಮಾರ್ಯುತ್ ಕೆಲಸಕ್ಕೆ ಹೋದಾಗ ಸಿರ್ಕ ಬಂದು ಕೂರುತ್ತಿದ್ದಳು. ಮೊದಲ ಗುರುವಾರವೇ ಅವನು ಕೇಳಿದ.

"ಚಿಕ್ಕಮ್ಮ, ಅದು ನಂಗೆ ಹೆಂಗ್ ಸಿಕ್ತು?"

"ಪಾಸು ಕೊಟ್ಟೆ. ಅದಕ್ಕೇ ಸಿಕ್ತು."

"ಎಂಥಾ ಪಾಸು? ಹೇಳು. ಪೂರ್ತಿ ಹೇಳು. ನಂಗೆ ಒಂದ್ಚೂರೂ ನೆನಪಿಲ್ಲ ಕಣೆ, ಬೇರೆ ಯಾರದೋ ಮನೇಲಿರೋ ಸಾಮಾನಿನ ಥರ ಕಾಣ್ತದೆ ಅದು."

ಏನು ಮಾಡುತ್ತಾಳೆ? ಹೇಳಿದಳು. ನೀನು ಎಡಗಡೆಯಿಂದ ಬಂದೆ, ಪಕ್ಕು ನಿನ್ನ ಕೋಲಿಗೆ ಸಣ್ಣಗೆ ತಾಗಿ ತಿರುಗಿತು. ಮುಂದಿನ ವಾರ ಮತ್ತೆ ಕೇಳಿದ, ಮತ್ತೆ ಹೇಳಿದಳು. ವಾರ ವಾರವೂ ಆ ಪಾಸು ಬೆಳೆಯಿತು. ನೀನು ನೋಡಲೂ ಇಲ್ಲ, ಬೆನ್ನ ಹಿಂದಿನಿಂದ ತಳ್ಳಿದೆ, ಜನ ಹುಚ್ಚೆದ್ದರು. ಕತ್ತಲಲ್ಲಿ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಬಲಗೈ ಕೋಲು ಹಿಡಿದವರ ಹಾಗೆ ತೊಡೆಯ ಮೇಲೆ ಸಣ್ಣಗೆ ಅಲುಗುತ್ತಿತ್ತು. ಅವನು ಹುಷಾರಾಗಲಿ ಅಂತ ಅವಳು ದಿನಾ ಬೇಡಿಕೊಳ್ಳುತ್ತಿದ್ದಳು. ಹುಷಾರಾದ ದಿನ ಅವನು ಆ ಆಟದ ರೆಕಾರ್ಡಿಂಗನ್ನು ಟಿವಿಯಲ್ಲಿ ನೋಡುತ್ತಾನೆ ಅಂತಲೂ ಗೊತ್ತಿತ್ತು. ಆ ಬೇಡಿಕೆ, ಈ ಹೆದರಿಕೆ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದಳು.

ಅಕ್ಟೋಬರಿನ ಒಂದು ಗುರುವಾರ ಪರದೆ ಅರ್ಧ ಸರಿದಿತ್ತು. ಇಲ್ಕ ಮುಖ ಕ್ಷೌರ ಮಾಡಿಕೊಂಡು ಕೂತಿದ್ದ.

"ಡಾಕ್ಟ್ರು ಸ್ವಲ್ಪ ಹೊತ್ತು ಟಿವಿ ನೋಡ್ಬೋದು ಅಂದ್ರು. ಬೇರೇದ್ಯಾವ್ದೂ ಬೇಡ, ಮೊದ್ಲು ಆ ಪಾಸಿನ ಆಟಾನೇ. ನೀನ್ ಬರ್ಲಿ ಅಂತ ಕಾಯ್ತಿದ್ದೆ."

"ಇವತ್ತೇ ಯಾಕೋ? ಕಣ್ಣು ನೋಯುತ್ತೆ."

"ನೋಯ್ಲಿ ಬಿಡು."

ಅವನೇ ಹಚ್ಚಿದ. ಹನ್ನೆರಡನೆಯವನು, ಗುಂಪು, ಗೋಲು. ಜನ ಎದ್ದರು. ಅವನು ನಗುತ್ತಾ ಹಿಂದಕ್ಕೆ ಓಡಿಸಿದ. ಮತ್ತೆ ನೋಡಿದ. ನಗು ಮುಖದ ಮೇಲೇ ನಿಂತುಬಿಟ್ಟಿತ್ತು. ಮೂರನೆಯ ಸಲ ನಿಧಾನವಾಗಿ ಬಿಟ್ಟ. ಕೋಲಿನ ತುದಿಗೂ ಪಕ್ಕಿಗೂ ನಡುವೆ ಬೆಳ್ಳನೆಯ ಮಂಜುಗಡ್ಡೆ, ನಾಲ್ಕು ಬೆರಳು, ಸ್ಪಷ್ಟವಾಗಿ.

"ತಾಗ್ಲಿಲ್ವಲ್ಲ ಚಿಕ್ಕಮ್ಮ."

ಅವಳು ತೊಡೆಯ ಮೇಲಿನ ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಇಲ್ಲ ಕಣೋ. ತಾಗ್ಲಿಲ್ಲ. ನಾನೇ ಕೊಟ್ಟೆ. ನಿಂಗೆ ಒಂದ್ಸಲ ಆದ್ರೂ ಸಿಗ್ಲಿ ಅಂತ ಕೊಟ್ಟೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಪಾಟಿನ ಮೇಲಿನ ಹೆಲ್ಮೆಟ್ಟಿನ ಕಡೆ ಕೈ ತೋರಿಸಿದ.

"ಹಂಗಾದ್ರೆ ಅದು ಯಾರ್ದಾಗ್ಬೇಕಿತ್ತು?"

"ನಿಕೊದು."

"ನಿಕೊ ಈಗ ಎಲ್ಲಿದಾನೆ?"

"ಸ್ವೀಡನ್ನಲ್ಲಿ. ದೊಡ್ಡ ತಂಡ ತಗೊಂಡಿದೆ."

"ಆಡ್ತಿದಾನಾ?"

"ಆಡ್ತಿದಾನೆ."

"ಚೆನ್ನಾಗಿದಾನಾ?"

ಸಿರ್ಕ ಇದ್ದದ್ದನ್ನೇ ಹೇಳಿದಳು, ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಚೆನ್ನಾಗಿದಾನೆ ಮಗು."

ಇಲ್ಕ ತಲೆಯಾಡಿಸಿದ. ಟಿವಿ ಆರಿಸಿದ. "ಪರದೆ ಎಳೀ ಚಿಕ್ಕಮ್ಮ, ಬೆಳಕು ಜಾಸ್ತಿಯಾಯ್ತು" ಅಂದ.

ಅವಳು ಎದ್ದು ಪರದೆ ಎಳೆದಳು. ಈಗಲೂ ಗುರುವಾರ ಬರುತ್ತಾಳೆ, ಪುಲ್ಲ ತರುತ್ತಾಳೆ. ಹೊಳೆ ಹೆಪ್ಪುಗಟ್ಟಿತೇ, ಬಸ್ಸು ತಡವಾಯಿತೇ ಅಂತ ಅವನು ಕೇಳುತ್ತಾನೆ. ಆ ಪಾಸಿನ ಕತೆ ಮಾತ್ರ ಮತ್ತೆ ಕೇಳಿಲ್ಲ.